ಚಪ್ಪಲಿ ಬಿಚ್ಚಿಸದ ಕ್ಯಾನ್ಸರ್ ತಪಾಸಣೆ

ಟೊಮೊಟೊ ಎಲೆ ಮೇಲೆ ಒಂದು ಚುಕ್ಕೆ ಕಂಡ್ರೆ ಸಾಕು, ಫೋಟೋ ತೆಗೆದು ಇಲ್ಲಿ ಹಾಕ್ತೀರ, ಸಂಜೆಯೊಳಗೆ ಬಂಗಾರಪೇಟೆಯಿಂದ ಔಷಧಿ ತಂದು ಹೊಡೆದಾಯ್ತು. ಅದೇ ಅಂಗಾಲಲ್ಲಿ ಆರು ತಿಂಗಳಿಂದ ಮಾಯದ ಗಾಯ ಇದ್ರೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ ನೀರು ಕಟ್ಟೋಕೆ ಹೋಗ್ತೀವಿ.

ನಮ್ಮ ಪಕ್ಕದೂರಿನ ಯಜಮಾನರೊಬ್ಬರು ಹೀಗೇ ಮಾಡಿದ್ರು. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಸುಟ್ಟ ಕಾಲು. ಆ ಹಳೇ ಕಲೆ ಮತ್ತೆ ಒಡೀತು. ಎರಡು ವರ್ಷ ಮುಲಾಮು, ಎಲೆರಸ. ವಾಸನೆ ಬಂದಾಗ ಶುಗರ್ ಗಾಯ ಅಂದ್ರು, ನೋಡಿದ್ರೆ ಶುಗರ್ರೇ ಇಲ್ಲ. ಕೊನೆಗೆ ಬೆಂಗಳೂರಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದಾಗ ಚರ್ಮದ ಕ್ಯಾನ್ಸರ್. ಮೊಣಕಾಲಿಂದ ಕೆಳಗೆ ತೆಗೆದ್ರು. ಮೊದಲೇ ಹೋಗಿದ್ರೆ ಗಾಯದಷ್ಟೇ ಜಾಗ ಕತ್ತರಿಸಿ ಕಳಿಸ್ತಿದ್ರೇನೋ.

ಕಪ್ಪು ಚರ್ಮಕ್ಕೆ ಇದು ಬರಲ್ಲ ಅಂತ ಇಲ್ಲೇ ಒಬ್ರು ಬರೆದಿದ್ರು. ಬಿಸಿಲಿನಿಂದ ಬರೋದು ನಮಗೆ ಕಡಿಮೆ, ಒಪ್ತೀನಿ. ಆದ್ರೆ ಅಂಗಾಲು, ಅಂಗೈ, ಉಗುರಿನಡಿ ಬರೋ ಜಾತಿಗೆ ಬಿಸಿಲೇ ಬೇಕಿಲ್ಲ. ಆಟೋ ಹಿಂದೆ ಜಡೆ ಬಿಟ್ಟ ಹಾಡುಗಾರ ಬಾಬ್ ಮಾರ್ಲಿ ಚಿತ್ರ ನೋಡಿರ್ತೀರಲ್ಲ, 1977ರಲ್ಲಿ ಅವನ ಕಾಲ್ಬೆರಳ ಉಗುರಿನಡಿ ಸಿಕ್ಕಿದ್ದು ಅದೇ. 1981ರಲ್ಲಿ ಸತ್ತಾಗ ವಯಸ್ಸು 36.

ಇನ್ನೊಂದು ಮಾತು, ಕೆಜಿಎಫ್ ಕಡೆಯೋರು ಬೈದ್ರೂ ಸರಿ. ಎಲ್ಲ ಕ್ಯಾನ್ಸರನ್ನೂ ಸೈನೈಡ್ ಗುಡ್ಡದ ಮೇಲೆ ಹಾಕ್ತೀವಿ. ಗಣಿ ಮುಚ್ಚಿದ್ದು 2001ರಲ್ಲಿ, ಧೂಳು ಇನ್ನೂ ಹಾರ್ತಿದೆ, ಆ ಜಗಳ ಬಿಡೋದು ಬೇಡ. ಆದ್ರೆ ಚರ್ಮದ ಕ್ಯಾನ್ಸರಿಗೆ ಕಾರಣ ಅಂತ ರುಜುವಾತಾಗಿರೋದು ಸೈನೈಡ್ ಅಲ್ಲ, ಆರ್ಸೆನಿಕ್. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೇ ಚಿನ್ನದ ಗಣಿ ಹತ್ತಿರ, ಕುಡಿಯೋ ನೀರಲ್ಲೇ ಅದು ಸಿಕ್ತು. ಜನರ ಅಂಗೈ ಅಂಗಾಲಲ್ಲಿ ಗಂಟು ಎದ್ದಿತ್ತು. ನಮ್ಮ ಬೋರ್‌ವೆಲ್ ನೀರನ್ನ ಆರ್ಸೆನಿಕ್‌ಗೆ ಪರೀಕ್ಷೆ ಮಾಡಿಸಿ ಅಂತ ಪಂಚಾಯ್ತಿಗೆ ಎಷ್ಟು ಜನ ಅರ್ಜಿ ಕೊಟ್ಟಿದ್ದೀವಿ?

30 ವರ್ಷ ದಾಟಿದೋರಿಗೆ ಸರ್ಕಾರ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇಟ್ಟಿದೆ. ಬಿಪಿ, ಶುಗರ್ರೂ ನೋಡ್ತಾರೆ. ಒಳ್ಳೇದೇ. ಚಪ್ಪಲಿ ಬಿಚ್ಚಿ ಅಂತ ಮಾತ್ರ ಯಾರೂ ಹೇಳಲ್ಲ. ಅದಕ್ಕೇನು ಮೆಷಿನ್ ಬೇಕಾ? ಎರಡು ನಿಮಿಷದ ಕೆಲಸ, ಶುಗರ್ ಇರೋರ ಕಾಲೂ ಉಳಿಯುತ್ತೆ.

ತಿಂಗಳಾದ್ರೂ ಮಾಯದ ಗಾಯ, ಅಂಚು ಎದ್ದು ಹೂಕೋಸಿನ ಥರ ಆದದ್ದು, ಒಡೆದ ಸುಟ್ಟ ಕಲೆ, ಅಂಗಾಲಲ್ಲಿ ಬೆಳೀತಿರೋ ಕಪ್ಪು ಮಚ್ಚೆ, ಉಗುರಲ್ಲಿ ಹೊಸ ಕಪ್ಪು ಗೆರೆ. ಎಲ್ಲಾ ಕ್ಯಾನ್ಸರ್ ಅಲ್ಲ. ಆದ್ರೆ ತೋರಿಸಬೇಕಾದ್ದು ಮೆಡಿಕಲ್ ಸ್ಟೋರಲ್ಲಿ ಅಲ್ಲ. ಕೋಲಾರದ ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇದೆ, ರೈಲು ಹತ್ತಿದ್ರೆ ಬೆಂಗಳೂರಲ್ಲಿ ಕಿದ್ವಾಯಿ. ಮುಂದಿನ ಕ್ಯಾಂಪಲ್ಲಿ ನಾನಂತೂ ಚಪ್ಪಲಿ ಬಿಚ್ಚಿ ಕಾಲು ಚಾಚ್ತೀನಿ. ನೋಡೋವರೆಗೂ ಕುರ್ಚಿ ಬಿಟ್ಟು ಏಳಲ್ಲ.