ಕನ್ನಡ ಬಾರದ ಯಂತ್ರವೂ ಕನ್ನಡ ಬಾರದ ಮಾಷ್ಟ್ರೇ



ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ನೇಮಿಸಿದಾಗ ನೀವು ಸುಮ್ಮನೆ ಕುಳಿತವರಲ್ಲ. ಶಾಲೆಯ ಗೇಟಿನ ಮುಂದೆ ನಿಂತಿರಿ, ಮನವಿಗಳನ್ನು ಕೊಟ್ಟಿರಿ. ಮಗುವಿಗೆ ಅರ್ಥವಾಗದ ಮಾತಿನಲ್ಲಿ ಹೇಳಿದ ಲೆಕ್ಕ ಲೆಕ್ಕವಲ್ಲ ಎಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಾಗಾದರೆ ಅದೇ ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಪಾಠ ಓಡುವಾಗ ನಾವೆಲ್ಲ ಏಕೆ ಸುಮ್ಮನಿದ್ದೇವೆ? ಮನುಷ್ಯ ಮಾಡಿದರೆ ಅನ್ಯಾಯ, ಯಂತ್ರ ಮಾಡಿದರೆ ಪ್ರಗತಿಯೇ?

ನಾನು ಯಂತ್ರದ ವಿರೋಧಿಯಲ್ಲ. ಕೇರಳ ಸರಕಾರ ಈ ವಿಷಯದಲ್ಲಿ ಮಾಡಿದ ಕೆಲಸ ಸಣ್ಣದಲ್ಲ. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಬಂತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. 2018ರ ಹೈಟೆಕ್ ಯೋಜನೆಯಲ್ಲಿ 8ರಿಂದ 12ನೆಯವರೆಗಿನ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರುಗಳನ್ನು ಕೊಡಲಾಯಿತು. 2019ರಿಂದ ಕಿರಿಯ ತರಗತಿಗಳಿಗೂ ಉಪಕರಣಗಳು ಬಂದವು. 2024ರ ಮೇ ತಿಂಗಳಿನಿಂದ 80,000 ಅಧ್ಯಾಪಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ಕೊಡುವ ಕಾರ್ಯಕ್ರಮವೂ ಆರಂಭವಾಯಿತು. ಯಂತ್ರಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಆ ಯಂತ್ರದ ಬಾಯಲ್ಲಿ ಕನ್ನಡಕ್ಕೆ.

‘ಚಿತ್ರ ಕಾಣುತ್ತದಲ್ಲ, ಭಾಷೆ ಯಾವುದಾದರೇನು?’ ಎನ್ನುವವರಿದ್ದಾರೆ. ಒಂದೇ ಉದಾಹರಣೆ ನೋಡಿ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವುದನ್ನು ನಿಮ್ಮ ಮಗುವಿನ ಪುಸ್ತಕ ‘ದ್ಯುತಿಸಂಶ್ಲೇಷಣೆ’ ಎನ್ನುತ್ತದೆ. ಮಲಯಾಳದ ಚಿತ್ರ ‘ಪ್ರಕಾಶಸಂಶ್ಲೇಷಣಂ’ ಎನ್ನುತ್ತದೆ, ಇಂಗ್ಲಿಷಿನದು ‘ಫೋಟೋಸಿಂಥೆಸಿಸ್’ ಎನ್ನುತ್ತದೆ. ಮಗು ಕೇಳುವುದು ಒಂದು, ಓದುವುದು ಇನ್ನೊಂದು, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಕನ್ನಡದಲ್ಲಿ. ಅಧ್ಯಾಪಕ ಅರೆಗಳಿಗೆಗೊಮ್ಮೆ ಚಿತ್ರ ನಿಲ್ಲಿಸಿ ಅನುವಾದ ಮಾಡಬೇಕು. ಆಗ ಪಾಠದ ಓಟವೂ ಹೋಯಿತು, ಮಗುವಿನ ಲಕ್ಷ್ಯವೂ ಹೋಯಿತು.

‘ಕರ್ನಾಟಕದಲ್ಲಿ ಕನ್ನಡ ಪಾಠಗಳಿವೆಯಲ್ಲ, ತಂದು ತೋರಿಸಿ’ ಎಂಬುದು ಇನ್ನೊಂದು ಸಲಹೆ. ‘ದೀಕ್ಷಾ’ದಂತಹ ತಾಣಗಳಲ್ಲಿ ಕನ್ನಡ ಪಾಠಗಳಿವೆ, ನಿಜ. ಆದರೆ ಅವು ಕರ್ನಾಟಕದ ಪಠ್ಯಕ್ರಮಕ್ಕೆ ಮಾಡಿದವು. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಕ್ರಮ. ಅಲ್ಲಿಯದರಲ್ಲಿ ಭಾಷೆ ಹೊಂದುತ್ತದೆ, ಪಾಠ ಹೊಂದದು. ಇಲ್ಲಿಯದರಲ್ಲಿ ಪಾಠ ಹೊಂದುತ್ತದೆ, ಭಾಷೆ ಹೊಂದದು. ಅತ್ತ ದರಿ, ಇತ್ತ ಪುಲಿ.

ಈ ಕಂದಕಕ್ಕೆ ಸೇತುವೆ ಕಟ್ಟಬಲ್ಲವನು ತರಗತಿಯಲ್ಲಿರುವ ಕನ್ನಡ ಅಧ್ಯಾಪಕ ಮಾತ್ರ. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ತೊಡಗಿದಾಗ ಕನ್ನಡ ಮಾಧ್ಯಮಕ್ಕೆ ಬೇರೆಯೇ ಪಾಠಗಳು ಬೇಕಾದವು. ಅವು ತಯಾರಾಗಿ ಯೂಟ್ಯೂಬಿನ ಮೂಲಕ ಮನೆಗಳಿಗೆ ಬಂದವು. ಆಗ ಆದದ್ದು ಈಗ ಏಕೆ ಆಗಬಾರದು? ಗುಂಡಿ ಒತ್ತುವುದನ್ನು ಕಲಿಸಿದರೆ ಸಾಲದು. ಕನ್ನಡದಲ್ಲಿ ಪಾಠ ಕಟ್ಟುವುದನ್ನು, ಧ್ವನಿ ಸೇರಿಸುವುದನ್ನು, ಚಿತ್ರದ ಮೇಲೆ ಕನ್ನಡ ಹೆಸರು ಕೂರಿಸುವುದನ್ನು ಕಲಿಸಬೇಕು. ತರಬೇತಿಯನ್ನೆಲ್ಲ ಮಲಯಾಳದಲ್ಲಿ ನಡೆಸಿ ಕೊನೆಗೆ ‘ಕನ್ನಡದವರೂ ಹೀಗೆಯೇ ಮಾಡಿಕೊಳ್ಳಿ’ ಎಂದರೆ ಅದು ತರಬೇತಿಯಲ್ಲ, ಹಾಜರಿ ಪುಸ್ತಕದ ಸಹಿ.

ಕಂಪ್ಯೂಟರಿಗೆ ಕನ್ನಡ ಒಗ್ಗದು ಎಂಬುದು ಹಳೆಯ ಸುಳ್ಳು. ಯುನಿಕೋಡ್ 1991ರಲ್ಲಿ ಬಂದಾಗಲೇ ಕನ್ನಡ ಅದರಲ್ಲಿತ್ತು. ಕನ್ನಡದ ಕೀಲಿಮಣೆ ರೂಪಿಸಿದ ಕೆ. ಪಿ. ರಾವ್ ನಮ್ಮ ಪಕ್ಕದ ಮಂಗಳೂರು ಸೀಮೆಯ ಕಿನ್ನಿಕಂಬಳದವರು. ನಮ್ಮ ಶಾಲೆಗಳ ಲಿನಕ್ಸ್ ಯಂತ್ರದಲ್ಲಿ ಕನ್ನಡ ಬರೆಯಲು ಬಿಡಿಕಾಸು ಬೇಡ. ಆದರೂ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದು ಯಂತ್ರದಲ್ಲಿ ತೆರೆದಾಗ ಇರುವೆ ಹರಿದಂತೆ ಕಾಣುತ್ತದೆ. ಒಂದು ದಿನದ ಸರಿಯಾದ ಕನ್ನಡ ತರಬೇತಿಯಿಂದ ತಪ್ಪುವ ತೊಂದರೆ ಇದು.

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ‘ಕನ್ನಡದಲ್ಲಿ ಏನೂ ಇಲ್ಲ’ ಎಂದು ಪ್ರೊಜೆಕ್ಟರಿಗೆ ಬಟ್ಟೆ ಹೊದಿಸಿಟ್ಟ ಅಧ್ಯಾಪಕರು ಕನ್ನಡದ ಸೇವೆ ಮಾಡುತ್ತಿಲ್ಲ. ‘ಕಂಪ್ಯೂಟರ್ ಕಲಿಯಬೇಕಾದರೆ ಇಂಗ್ಲಿಷ್ ಮಾಧ್ಯಮವೇ ಆಗಬೇಕು’ ಎಂದು ಮಗುವನ್ನು ಕರೆದೊಯ್ಯುವ ಹೆತ್ತವರು ಆ ಬಟ್ಟೆಗೆ ಗಂಟು ಹಾಕುತ್ತಿದ್ದಾರೆ. ಮಕ್ಕಳ ಸಂಖ್ಯೆ ಇಳಿದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ. ಮತ್ತೆ ಉಳಿಯುವುದು ಗೋಡೆಯ ಮೇಲಿನ ಕನ್ನಡ ಬೋರ್ಡು ಮಾತ್ರ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350 ಎ ವಿಧಿ ಹೇಳುತ್ತದೆ. ಆ ವಿಧಿ ಸೇರಿದ 1956ರಲ್ಲಿ ಸೌಲಭ್ಯವೆಂದರೆ ಬೆಂಚು, ಕರಿಹಲಗೆ, ಪುಸ್ತಕ. ಇಂದು ಪರದೆಯೂ ಸೌಲಭ್ಯವೇ. ಕರಿಹಲಗೆಯಲ್ಲಿ ಕನ್ನಡ ಬೇಕು, ಪರದೆಯಲ್ಲಿ ಬೇಡ ಎನ್ನಲು ಯಾವ ನ್ಯಾಯವಿದೆ?

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಚಹಾ ಕುಡಿದು ಏಳುವ ಮೊದಲು ಮೂರು ಪ್ರಶ್ನೆ ಕೇಳಿ. ಈ ತಿಂಗಳು ಪರದೆಯ ಮೇಲೆ ತೋರಿಸಿದ ಪಾಠಗಳಲ್ಲಿ ಕನ್ನಡದವು ಎಷ್ಟು? ನಮ್ಮ ಅಧ್ಯಾಪಕರಿಗೆ ಕನ್ನಡದಲ್ಲಿ, ಕನ್ನಡ ಬಲ್ಲ ಸಂಪನ್ಮೂಲ ವ್ಯಕ್ತಿಗಳಿಂದ ತರಬೇತಿ ಯಾವಾಗ? ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಶಾಲೆಗಳು ತಯಾರಿಸಿದ ಪಾಠಗಳನ್ನು ಒಂದೆಡೆ ಕೂಡಿಡುವ ಏರ್ಪಾಡು ಎಲ್ಲಿದೆ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ. ನಿರ್ಣಯ ಮಾಡಿ, ಸಹಿ ಹಾಕಿ, ಉಪಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಕೇಳದವರ ಪಾಲಿಗೆ ಕಚೇರಿಯಲ್ಲಿ ಕಡತವೇ ತೆರೆಯುವುದಿಲ್ಲ.