ಚೀಟಿ ಎತ್ತಿ, ಅಧ್ಯಕ್ಷರೇ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ



ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಕ್ರಿಕೆಟ್ ಪ್ರೇಮಿಗಳಿಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಂದು ಕುರ್ಚಿ ಸಿಗುವುದು ಹೇಗೆ ಎಂಬುದೇ ಈ ಪತ್ರದ ವಿಷಯ. ದೊಡ್ಡ ಪಂದ್ಯ ಬಂದಾಗಲೆಲ್ಲ ಅವರು ಟಿಕೆಟ್ ಮಾರುವ ಕಂಪನಿಗಳಿಗೆ ಇ-ಮೇಲ್ ಕಳಿಸಿದ್ದಾರೆ, ಸಹಾಯವಾಣಿಗೆ ಫೋನ್ ಹಚ್ಚಿದ್ದಾರೆ. ‘ನಿಮ್ಮ ದೂರು ದಾಖಲಾಗಿದೆ’ ಎಂಬ ಸಿದ್ಧ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ. ಹಾಗಾಗಿ ಎಲ್ಲರಿಗೂ ಕಾಣುವಂತೆ ಈ ಪತ್ರ.

ಟಿಕೆಟ್ ಬಿಡುವ ದಿನ ಸವಣೂರಿನ ಅಂಗಡಿ ಕಟ್ಟೆಯ ಮೇಲೆ ನಾಲ್ಕು ಹುಡುಗರು ನಾಲ್ಕು ಫೋನ್ ಹಿಡಿದು ಕೂತಿರುತ್ತಾರೆ. ಒಬ್ಬನಿಗೆ ನೆಟ್‌ವರ್ಕ್ ಹೋಗುತ್ತದೆ. ಮತ್ತೊಬ್ಬನಿಗೆ ಓಟಿಪಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೂರನೆಯವನ ಪರದೆಯಲ್ಲಿ ಸರದಿಯ ಸಂಖ್ಯೆ ಇಳಿಯುತ್ತ ಇಳಿಯುತ್ತ ಬಂದು ಕೊನೆಗೆ ‘ಸೋಲ್ಡ್ ಔಟ್’. ನಾಲ್ಕನೆಯವನಿಗೆ ಸಿಕ್ಕಿತೆಂದರೆ ಅದು ಊರಿಗೇ ಸುದ್ದಿ!

ಪಾಸ್ ಹಂಚಿಕೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 2025ರ ಜೂನ್ 4ನ್ನು ತಮಗೆ ನೆನಪಿಸಬೇಕಾಗಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಆರು ರನ್‌ಗಳಿಂದ ಗೆದ್ದು, 18ನೇ ಪ್ರಯತ್ನದಲ್ಲಿ ಮೊದಲ ಸಲ ಐಪಿಎಲ್ ಕಪ್ ಎತ್ತಿತ್ತು. ಬೆಳಿಗ್ಗೆ 7 ಗಂಟೆಯಿಂದಲೇ ತಂಡದ ಕಡೆಯಿಂದ ಬೆಂಗಳೂರಿನ ವಿಜಯೋತ್ಸವಕ್ಕೆ ಬನ್ನಿ ಎಂದು ಅಭಿಮಾನಿಗಳಿಗೆ ಕರೆ ಹೋಯಿತು. ಚಿನ್ನಸ್ವಾಮಿಯ ಒಳಗೆ ಬರಲು ಪಾಸ್ ಬೇಕು, ಅದನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಪಡೆಯಬೇಕು ಎಂಬ ಮಾತು ಬಂದದ್ದು ಮಧ್ಯಾಹ್ನ 3 ಗಂಟೆ 14 ನಿಮಿಷಕ್ಕೆ. ಹೀಗೆಂದು ಸರ್ಕಾರವೇ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಹೇಳಿದೆ. ಅಷ್ಟರಲ್ಲಿ ಸುಮಾರು 35 ಸಾವಿರ ಜನ ಹಿಡಿಸುವ ಮೈದಾನದ ಸುತ್ತ ಲಕ್ಷಗಟ್ಟಲೆ ಜನ ಸೇರಿಯಾಗಿತ್ತು. ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಅವರಲ್ಲಿ ಹದಿಹರೆಯದ ಮಕ್ಕಳೂ ಇದ್ದರು.

ಸಂಸ್ಥೆಯ ಅಂದಿನ ಕಾರ್ಯದರ್ಶಿ ಮತ್ತು ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಬಾಗಿಲು, ಬೇಲಿ, ಪೊಲೀಸ್ ಬಂದೋಬಸ್ತಿನ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಮೊದಲು ಎಲ್ಲರನ್ನೂ ಕರೆದು, ಆಮೇಲೆ ಪಾಸ್ ಕೇಳಿದ್ದರ ಬಗ್ಗೆ, ಎಂದರೆ ಆ 3 ಗಂಟೆ 14 ನಿಮಿಷದ ಬಗ್ಗೆ, ಆಗಬೇಕಾದಷ್ಟು ಚರ್ಚೆ ಆಗಲೇ ಇಲ್ಲ.

ಟಿಕೆಟ್ಟಿನ ಈ ಗೊಂದಲವೇನು ಹೊಸದೇ? 2011ರ ವಿಶ್ವಕಪ್ಪಿನಲ್ಲಿ ಭಾರತ-ಇಂಗ್ಲೆಂಡ್ ಪಂದ್ಯ ಕೋಲ್ಕತ್ತದಿಂದ ಬೆಂಗಳೂರಿಗೆ ಬಂತು. ಫೆಬ್ರುವರಿ 24ರಂದು ಟಿಕೆಟ್ ಕೌಂಟರ್ ತೆರೆಯಿತು. ರಾತ್ರಿಯಿಡೀ ಫುಟ್‌ಪಾತಿನ ಮೇಲೆ ಕಾದವರಿಗೆ ಸಿಕ್ಕಿದ್ದು ಲಾಠಿ ಏಟು. ಮೂರು ದಿನದ ಮೇಲೆ ಎರಡೂ ತಂಡ 338 ರನ್ ಗಳಿಸಿ ಪಂದ್ಯ ಟೈ ಆಯಿತು. ತೆಂಡೂಲ್ಕರ್ ಅವರ 120, ಸ್ಟ್ರಾಸ್ ಅವರ 158 ರನ್ನುಗಳನ್ನು ಸಾಲಿನಲ್ಲಿ ನಿಂತು ಏಟು ತಿಂದ ಎಷ್ಟೋ ಮಂದಿ ಮನೆಗೆ ಹೋಗಿ ಟಿವಿಯಲ್ಲಿ ನೋಡಿದರು. 2023ರ ವಿಶ್ವಕಪ್ಪಿಗೆ ಸಾಲು ಮೊಬೈಲಿನೊಳಗೆ ಬಂತು. ಮುಂಚೆಯೇ ಹೆಸರು ನೋಂದಾಯಿಸಿ ಎಂದರು, ನೋಂದಾಯಿಸಿದವರೂ ಗಂಟೆಗಟ್ಟಲೆ ಪರದೆ ನೋಡುತ್ತ ಕೂತರು.

‘ಮೊದಲು ಬಂದವರಿಗೆ ಆದ್ಯತೆ’ ಎಂಬ ನಿಯಮ ಹಾವೇರಿ ಜಿಲ್ಲೆಯವರಿಗೆ ಅನ್ಯಾಯವೇ. ಹಾವೇರಿಯಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಹಾನಗಲ್, ಹಿರೇಕೆರೂರಿಗೆ ರೈಲೇ ಇಲ್ಲ. ಅಲ್ಲಿಯವರು ಮೊದಲು ಬರುವುದು ಹೇಗೆ? ಮಧ್ಯಾಹ್ನ 3:14ಕ್ಕೆ ಪಾಸ್ ಘೋಷಿಸಿದರೆ ಹಿರೇಕೆರೂರಿನವನು ಯಾವ ಬಸ್ ಹತ್ತಬೇಕು?

ದಾರಿ ಇಲ್ಲವೆಂದಲ್ಲ. ವಿಂಬಲ್ಡನ್ 1924ರಿಂದ ಸಾರ್ವಜನಿಕರಿಗೆ ಚೀಟಿ ಎತ್ತಿ ಟಿಕೆಟ್ ಕೊಡುತ್ತಿದೆ. ಲಂಡನ್ ಒಲಿಂಪಿಕ್ಸಿಗೆ ಅರ್ಜಿ ಹಾಕಲು ಸುಮಾರು ಆರು ವಾರ ಸಮಯ ಕೊಟ್ಟಿದ್ದರು. ಮೊದಲ ದಿನ ಹಾಕಿದರೂ ಒಂದೇ, ಕೊನೆಯ ದಿನ ಹಾಕಿದರೂ ಒಂದೇ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಲಕ್ಷಕ್ಕೂ ಹೆಚ್ಚು ಜನ ಹಿಡಿಯುತ್ತಾರೆ, ಆದರೂ ಹಳೆಯ ವಿದ್ಯಾರ್ಥಿಗಳ ಸಂಘ ತನ್ನ ಸದಸ್ಯರಿಗೆ ಲಾಟರಿ ಮೂಲಕವೇ ಟಿಕೆಟ್ ಹಂಚುತ್ತದೆ. ಅಷ್ಟು ದೂರ ಯಾಕೆ? ನಮ್ಮಲ್ಲೇ ಆರ್‌ಟಿಇ ಸೀಟು ಹಂಚಿದ್ದು ಆನ್‌ಲೈನ್ ಲಾಟರಿಯಿಂದ. ಮಗುವಿನ ಶಾಲೆಯನ್ನೇ ಚೀಟಿ ನಿರ್ಧರಿಸಬಹುದಾದರೆ ಒಂದು ದಿನದ ಆಟದ ಕುರ್ಚಿಯನ್ನು ನಿರ್ಧರಿಸಬಾರದೇ?

ಐಪಿಎಲ್ ಟಿಕೆಟ್ ನಮ್ಮದಲ್ಲ, ಅದು ಫ್ರಾಂಚೈಸಿಯದು ಎಂದು ತಾವು ಹೇಳಬಹುದು. ಒಪ್ಪೋಣ. ಅಂತರರಾಷ್ಟ್ರೀಯ ಪಂದ್ಯ ನಡೆಸುವುದು ಸಂಸ್ಥೆಯೇ ಅಲ್ಲವೇ? ಮೈದಾನ ನಿಂತಿರುವ ಜಾಗ ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ಸರ್ಕಾರದ ಜಾಗವೆಂದರೆ ಶಿಗ್ಗಾಂವಿಯವನ ಪಾಲೂ ಅದರಲ್ಲಿದೆ. ಸದಸ್ಯರಿಗೆ ಎಷ್ಟು, ಕ್ಲಬ್ಬುಗಳಿಗೆ ಎಷ್ಟು, ಪ್ರಾಯೋಜಕರಿಗೆ ಎಷ್ಟು, ಗಣ್ಯರ ಪಾಸ್ ಎಷ್ಟು, ಕಡೆಗೆ ಜನರಿಗೆ ಉಳಿದದ್ದೆಷ್ಟು? ಪ್ರತಿ ಪಂದ್ಯಕ್ಕೂ ಮುನ್ನ ಈ ಲೆಕ್ಕ ಸಂಸ್ಥೆಯ ಬಾಗಿಲಿಗೆ ಅಂಟಿಸಿ. ಜನರ ಪಾಲನ್ನು ವಲಯವಾರು ಹಂಚಿ, ಅರ್ಜಿಗೆ ಎರಡು ವಾರ ಕೊಟ್ಟು, ಎಲ್ಲರೆದುರು ಚೀಟಿ ಎತ್ತಿ. ಹೆಸರು ಬಂದವರು ಆಧಾರ್ ತೋರಿಸಿಯೇ ಒಳಗೆ ಹೋಗಲಿ, ಬ್ಲ್ಯಾಕ್ ಮಾರಾಟ ತಾನಾಗಿ ತಗ್ಗುತ್ತದೆ. ಜನರ ಪಾಲಿನಲ್ಲೊಂದು ಭಾಗ ತಾಲ್ಲೂಕಿನ ಕಾಲೇಜು ತಂಡಗಳಿಗೆ ಆಡಿದ ಹಳೆಯ ವಿದ್ಯಾರ್ಥಿಗಳಿಗಿರಲಿ. ಮ್ಯಾಟಿಂಗ್ ಹೊತ್ತು ತಂದು ಹಾಸಿ, ಸ್ವಂತ ಖರ್ಚಿನಲ್ಲಿ ಬಸ್ ಹಿಡಿದು, ಅಂತರ ಕಾಲೇಜು ಪಂದ್ಯ ಆಡಿದವರು ಅವರು. ಇಂದು ಊರ ಹುಡುಗರಿಗೆ ಬ್ಯಾಟ್ ಹಿಡಿಯಲು ಕಲಿಸುವವರೂ ಅವರೇ.

ಟಿಕೆಟ್ ಮಾತು ಬಂದಾಗ ಆಟದ ಮಾತೂ ಬರುತ್ತದೆ. ಗದಗದ ಸುನೀಲ್ ಜೋಶಿ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಓಡಾಡುತ್ತಲೇ ಭಾರತ ತಂಡದವರೆಗೆ ಹೋದರು. ಇನ್ನೂ ಎಷ್ಟು ತಲೆಮಾರು ಹೀಗೇ ಓಡಾಡಬೇಕು? ಹಾನಗಲ್ಲಿಗೆ, ಹಿರೇಕೆರೂರಿಗೆ ಒಂದು ಒಳ್ಳೆಯ ಟರ್ಫ್ ವಿಕೆಟ್ ಕೊಡಿ. ಹುಬ್ಬಳ್ಳಿಯ ರಾಜನಗರದಲ್ಲಿ ಸಂಸ್ಥೆಯದೇ ಮೈದಾನವಿದೆ, ಅಲ್ಲಿಗೊಂದು ಅಂತರರಾಷ್ಟ್ರೀಯ ಪಂದ್ಯ ತನ್ನಿ. ಸಂಸ್ಥೆಯ ಹೆಸರಿನಲ್ಲಿರುವುದು ಕರ್ನಾಟಕ, ಕಬ್ಬನ್ ಪಾರ್ಕಿನ ಸುತ್ತಮುತ್ತಲಿನ ಜಾಗವಷ್ಟೇ ಅಲ್ಲ.

ಚಿನ್ನಸ್ವಾಮಿಯ ಮುಂದಿನ ಅಂತರರಾಷ್ಟ್ರೀಯ ಪಂದ್ಯಕ್ಕೆ ಚೀಟಿ ಎತ್ತುತ್ತೀರೋ ಇಲ್ಲವೋ, ಹೌದು ಅಥವಾ ಇಲ್ಲ ಎಂದು ಬಹಿರಂಗವಾಗಿ ತಿಳಿಸಿ. ಈ ಪತ್ರ ಓದಿ ಯಾರಾದರೂ ಫೋನ್ ಮಾಡಿ, ‘ನಿಮಗೆ ಎರಡು ಪಾಸ್ ಇಟ್ಟಿದ್ದೇವೆ, ಬಂದು ತೆಗೆದುಕೊಂಡು ಹೋಗಿ’ ಎಂದರೆ ಅದು ಉತ್ತರವಲ್ಲ. ಆ ಎರಡನ್ನೂ ಚೀಟಿಯ ಪೆಟ್ಟಿಗೆಗೇ ಹಾಕಿ.