ಲ್ಯಾಪ್‌ಟಾಪ್ ತಗೋಳಾಗ ನಾವ್ಯಾಕ ಸುಮ್ನಿರಬೇಕು?

ಪಿಯುಸಿ ರಿಸಲ್ಟ್ ಬಂತು, ಕಾಲೇಜಿನಾಗ ಸೀಟು ಸಿಕ್ತು ಅಂದ ಕೂಡಲೇ ಈಗ ಎಲ್ಲಾರ ಮನ್ಯಾಗೂ ಒಂದ ಮಾತು. ಯಾವ ಲ್ಯಾಪ್‌ಟಾಪ್ ತಗೋಬೇಕು? ಈ ಮಾತು ಬಂದಾಗ ನಮ್ಮ ಹೆಣ್ಣಮಕ್ಕಳು ಚಹಾ ಕೊಟ್ಟು ಒಳಗ ಹೋಗಿಬಿಡ್ತಾರ. "ನಮಗೇನ್ ತಿಳೀತದವಾ, ಗಂಡಸರು ನೋಡ್ಕೋತಾರ." ಇವತ್ತ ನಾ ಜಗಳಾ ಮಾಡೂದು ಈ ಮಾತಿನ ಜೋಡಿನ.

ಅಲ್ರೀ, ತಿಂಗಳಾ ಭಿಶಿ ತುಂಬಿ ಐವತ್ತು ಸಾವಿರ ಕೂಡಿಸಿದವರು ಯಾರು? ಕುಕ್ಕರ್ ತಗೋಳಾಗ ಇದರ ಗ್ಯಾಸ್ಕೆಟ್ ನಮ್ಮೂರಾಗ ಸಿಗ್ತದೋ ಇಲ್ಲೋ ಅಂತ ಮೊದಲ ಕೇಳವರು ಯಾರು? ಇಳಕಲ್ ಸೀರಿ ಸೆರಗು ಖರೇ ರೇಶ್ಮಿದೋ, ಆರ್ಟ್ ಸಿಲ್ಕಿಂದೋ ಅಂತ ಬೆರಳಾಡಿಸಿ ಹೇಳವರು ಯಾರು? ಅಷ್ಟೆಲ್ಲಾ ನೋಡೋ ನಾವು ಮನಿಯೊಳಗಿನ ಎಲ್ಲಾಕ್ಕಿಂತ ತುಟ್ಟಿ ಸಾಮಾನು ಬರೂ ಮುಂದ ಬಾಯಿ ಮುಚ್ಕೊಂಡು ಕೂಡೂದು ಯಾವ ಶಾಣ್ಯಾತನ?

ಹಂಗಂತ ಗಂಡಸರರೆ ಏನ್ ನೋಡ್ತಾರ? ಮುಚ್ಚಳದ ಮ್ಯಾಲಿನ ಹೆಸರು. "ಡೆಲ್ ತಗೋ, ಗಟ್ಟಿ." "ಎಚ್‌ಪಿ ಬ್ಯಾಡ, ಬಿಸಿ ಆಗ್ತದ." "ಲೆನೊವೊ ಛಲೋ." ಒಬ್ಬೊಬ್ಬರು ಒಂದೊಂದ ಲ್ಯಾಪ್‌ಟಾಪ್ ಬಳಸಿರ್ತಾರ, ಅದರ ಮ್ಯಾಲೆ ಇಡೀ ಕಂಪನಿಗೆ ತೀರ್ಪು ಕೊಟ್ಟಬಿಡ್ತಾರ. ನಮ್ಮ ಸೊಸಿ ಒಬ್ಬಾಕಿ ಅನ್ನಕ್ಕ ಉಪ್ಪು ಜಾಸ್ತಿ ಹಾಕಿದ್ರ ಆ ಊರ ಹುಡುಗ್ಯಾರೆಲ್ಲಾ ಹಂಗ ಅಂದಂಗಾತು ಇದು.

ಈಗ ಖರೇ ಸಂಗತಿ ಕೇಳ್ರಿ. ಲ್ಯಾಪ್‌ಟಾಪಿನ ಮಿದುಳು ಅಂದ್ರ ಪ್ರೊಸೆಸರ್. ವಿಂಡೋಸ್ ಲ್ಯಾಪ್‌ಟಾಪ್ ಯಾವ ಹೆಸರಿಂದ ಇರ್ಲಿ, ಅದರಾಗ ಬಹಳ ಮಾಡಿ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರ್ತದ. ವಿಂಡೋಸ್ ಮೈಕ್ರೋಸಾಫ್ಟಿಂದು. ಜೋಡಿಸೋ ಕೆಲಸಾನೂ ಎಷ್ಟೋ ಕಂಪನಿಗಳು ತಾವು ಮಾಡೂದಿಲ್ಲ, ಕ್ವಾಂಟಾ, ಕಂಪಾಲ್ ಅನ್ನೋ ತೈವಾನ್ ಕಂಪನಿಗಳಿಗೆ ಗುತ್ತಿಗಿ ಕೊಡ್ತಾವು. ಅಂದ್ರ ಡಬ್ಬಿ ಮ್ಯಾಲಿನ ಚೀಟಿ ಬ್ಯಾರೆ, ಅಡಿಗಿ ಮನಿ ಒಂದ.

ಇನ್ನೊಂದು. ಒಂದ ಹೆಸರಿನ ಒಳಗನ ಎರಡ ಮೂರು ತರದ ಮಾಲು ಇರ್ತದ. ಲೆನೊವೊದಾಗ ಮನಿ ಬಳಕಿಗೆ ಐಡಿಯಾಪ್ಯಾಡ್, ಆಫೀಸಿನವರಿಗೆ ಥಿಂಕ್‌ಪ್ಯಾಡ್. ಈ ಥಿಂಕ್‌ಪ್ಯಾಡ್ 1992ರಾಗ ಐಬಿಎಂ ತಂದಿದ್ದು, 2005ರಾಗ ಐಬಿಎಮ್ಮಿನ ಪಿಸಿ ವ್ಯಾಪಾರಾನ ಲೆನೊವೊ ತಗೊಂತು. ಡೆಲ್ಲಿನಾಗ ಇನ್‌ಸ್ಪಿರಾನ್ ಬ್ಯಾರೆ, ಲ್ಯಾಟಿಟ್ಯೂಡ್ ಬ್ಯಾರೆ. ಎಚ್‌ಪಿಯೊಳಗ ಪೆವಿಲಿಯನ್ ಬ್ಯಾರೆ, ಎಲೈಟ್‌ಬುಕ್ ಬ್ಯಾರೆ. ಆಫೀಸಿನ ಮಾಲು ಗಟ್ಟಿ ಇರ್ತದ, ಬಿಚ್ಚಿ ರಿಪೇರಿ ಮಾಡೂದೂ ಸಲೀಸು, ರೇಟೂ ಜಾಸ್ತಿ. ಹಿಂಗಿದ್ದಾಗ "ಡೆಲ್ ಛಲೋನೋ, ಎಚ್‌ಪಿ ಛಲೋನೋ" ಅನ್ನೋ ಪ್ರಶ್ನಿಗೆ ಅರ್ಥನ ಇಲ್ಲ. ಯಾವ ಡೆಲ್? ಯಾವ ಎಚ್‌ಪಿ?

ಹೆಸರಿಗೆ ಕಿಮ್ಮತ್ತು ಇರೂದು ಒಂದ ಕಡೆ, ಸರ್ವಿಸಿನಾಗ. ಸರ್ವಿಸ್ ಸೆಂಟರ್ ಹುಬ್ಬಳ್ಳ್ಯಾಗ ಅದನೋ, ಬೆಂಗಳೂರಿಗೆ ಕೊರಿಯರ್ ಮಾಡಬೇಕೋ? ಕೆಟ್ಟರ ಮಂದಿ ಮನಿಗೆ ಬರ್ತಾರೋ, ನಾವ ಹೊತ್ತುಕೊಂಡು ಹೋಗಬೇಕೋ? ಬ್ಯಾಟರಿಗೆ ವಾರಂಟಿ ಎಷ್ಟು? ನೀರು ಚೆಲ್ಲಿದ್ದು, ಬಿದ್ದು ಒಡದಿದ್ದು ಮಾಮೂಲಿ ವಾರಂಟಿಯೊಳಗ ಬರೂದಿಲ್ಲ, ಅದಕ್ಕ ಬ್ಯಾರೆ ರೊಕ್ಕ ಕೊಡಬೇಕು. ಪರೀಕ್ಷಾ ವಾರದಾಗ ಲ್ಯಾಪ್‌ಟಾಪ್ ಕೆಟ್ಟು ಇಪ್ಪತ್ತು ದಿನ ಸರ್ವಿಸಿನಾಗ ಕುಂತ್ರ, ಎಷ್ಟ ದೊಡ್ಡ ಹೆಸರಾದ್ರೂ ಏನ್ ಉಪಯೋಗ?

ಇನ್ನ ಒಳಗಿಂದು. ಅಂಗಡಿಯವ "ಐ5 ಅದರೀ ಮೇಡಂ" ಅಂತಾನ. ಯಾವ ವರ್ಷದ ಐ5 ಅಂತ ಕೇಳ್ರಿ. 2017ರ ಐ5-8250ಯು ಅನ್ನೂದಕ್ಕಿಂತ 2022ರ ಐ3-1215ಯು ಜೋರು ಓಡ್ತದ. ಈಗೀಗ ಕೋರ್ 5, ಕೋರ್ ಅಲ್ಟ್ರಾ ಅಂತ ಹೆಸರು ಬದ್ಲಿ ಮಾಡ್ಯಾರ, ಆದ್ರ ಕೇಳೂದು ಅದನ್ನ, ಯಾವ ವರ್ಷದ್ದು? ಸೆಲೆರಾನ್ ಅಂದ್ರ ಕಾಲೇಜಿನ ಹುಡುಗೂರಿಗೆ ಬ್ಯಾಡ್ರಿ, ನಾಕ ವರ್ಷ ತಡಿಯೂದಿಲ್ಲ.

ಆಮ್ಯಾಲೆ ರ‍್ಯಾಮ್. ಇದು ಅಡಿಗಿ ಕಟ್ಟಿ ಇದ್ದಂಗ. ಕಟ್ಟಿ ಸಣ್ಣದಿದ್ರ ಒಲಿ ಎಷ್ಟ ಜೋರಿದ್ರೂ ಕೆಲಸ ಸಾಗೂದಿಲ್ಲ. 8 ಜಿಬಿ ಕನಿಷ್ಠ, ಆದ್ರ 16 ತಗೋರಿ. ಕೆಲವು ತೆಳ್ಳನ ಲ್ಯಾಪ್‌ಟಾಪಿನಾಗ ರ‍್ಯಾಮ್ ಬೋರ್ಡಿಗೆ ಬೆಸುಗಿ ಹಾಕಿರ್ತಾರ, ಮುಂದ ಹೆಚ್ಚಿಗಿ ಮಾಡಲಿಕ್ಕೆ ಬರೂದಿಲ್ಲ. ಸಾಮಾನು ಇಡೋ ಜಾಗಾ ಎಸ್‌ಎಸ್‌ಡಿ ಇರಬೇಕು, 512 ಜಿಬಿ ಆದ್ರ ಛಲೋ. ಅಗ್ಗದ್ದರಾಗ ಇಎಂಎಂಸಿ ಅಂತ ಇರ್ತದ, ಅದು ಫೋನಿನಾಗ ಬರೋ ಸಂಗ್ರಹದ ತರ, ನಿಧಾನ. ಅಂಗಡಿಯವನ ಮಾತು ನಂಬೂದು ಬ್ಯಾಡ. ಚಾಲು ಇರೋ ವಿಂಡೋಸ್ ಲ್ಯಾಪ್‌ಟಾಪಿನಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ತೆರೀತದ. ಅದರಾಗ ಪರ್ಫಾರ್ಮನ್ಸ್ ಅನ್ನೂದನ್ನ ಒತ್ರಿ. ರ‍್ಯಾಮ್ ಎಷ್ಟು, ಡಿಸ್ಕ್ ಯಾವ್ದು ಎಲ್ಲಾ ತೋರಸ್ತದ.

ಇಷ್ಟ ಕೇಳಲಿಕ್ಕೆ ಬಾಯಿ ತೆಗದ್ರ ಏನಾಗ್ತದ ಗೊತ್ತದನು? ನಮ್ಮ ಕಡೆ ಒಂದ ಅಂಗಡ್ಯಾಗ ಪ್ರಶ್ನಿ ಕೇಳಿದಾಕಿ ನಾನು, ಆ ಹುಡುಗ ಉತ್ತರ ಹೇಳಿದ್ದು ಬಾಜೂ ನಿಂತ ನಮ್ಮ ಮನಿಯವರ ಮಾರಿ ನೋಡಿ. ಅವರಿಗೆ ರ‍್ಯಾಮೂ ಗೊತ್ತಿಲ್ಲ, ರಾಮನಾಮ ಅಷ್ಟ ಗೊತ್ತು! ನಾ ಮತ್ತ ಕೇಳ್ದೆ, ಮತ್ತ ಅವರಿಗೇ ಹೇಳ್ದ. ಮೂರನೇ ಸಲ "ತಮ್ಮಾ, ರೊಕ್ಕ ನನ್ನ ಪರ್ಸಿನಾಗ ಅದ" ಅಂದ ಮ್ಯಾಲೆ ನನ್ನ ಕಡೆ ತಿರಗಿದ. ನಾವು ಒಳಗ ಹೋಗಿ ಹೋಗಿನ ಇವರಿಗೆ ಈ ಚಾಳಿ ಬಿದ್ದದ.

ವಿಂಡೋಸೋ ಮ್ಯಾಕೋ ಅನ್ನೂದು ಇನ್ನೊಂದು ಪ್ರತಿಷ್ಠಾದ ಜಗಳ. ಅದನ್ನ ತೀರ್ಮಾನ ಮಾಡೂದು ಹುಡುಗೂರು ಏನ್ ಓದ್ತಾರ ಅನ್ನೂದು, ಬೀಗರ ಮನ್ಯಾಗ ಏನದ ಅನ್ನೂದಲ್ಲ. ಬಿ.ಕಾಂ. ಓದಾಕಿಗೆ ಟ್ಯಾಲಿ ಬೇಕು, ಅದು ವಿಂಡೋಸಿಂದು. ಮೆಕ್ಯಾನಿಕಲ್ ಓದಾವಗ ಸಾಲಿಡ್‌ವರ್ಕ್ಸ್ ಬೇಕು, ಅದೂ ವಿಂಡೋಸಿಂದ. ಸರ್ಕಾರಿ ಆಫೀಸಿನ ಟೈಪಿಂಗಿಗೆ ಬಳಸೋ ನುಡಿ ಸಾಫ್ಟ್‌ವೇರೂ ವಿಂಡೋಸಿಗೇ ಮಾಡಿದ್ದು. ಇಂಥವರಿಗೆ ಮ್ಯಾಕ್‌ಬುಕ್ ಕೊಡಿಸಿದ್ರ ಬಂಗಾರದ ಉಳ್ಳಾಗಡ್ಡಿ ಬುಟ್ಟಿ ಆಗ್ತದ ಅಷ್ಟ. ಮ್ಯಾಕ್ ಕೆಟ್ಟದ್ದಲ್ಲ ಮತ್ತ. 2020ರಾಗ ಆಪಲ್ ತನ್ನದ ಎಂ1 ಚಿಪ್ ಹಾಕಿದಾಗಿಂದ ಮ್ಯಾಕ್‌ಬುಕ್ ಏರಿನಾಗ ಫ್ಯಾನೂ ಇಲ್ಲ, ಬ್ಯಾಟರಿನೂ ಭಾಳ ಹೊತ್ತು ಬರ್ತದ. ಐಫೋನಿನ ಆ್ಯಪ್ ಮಾಡೂದು ಕಲಿಯಾಕಿಗೆ ಅದ ಬೇಕು. ಆದ್ರ ಅದರ ರ‍್ಯಾಮ್ ತಗೋಳಾಗ ಎಷ್ಟೋ ಕಡೀತನಕಾ ಅಷ್ಟ.

ಲಿನಕ್ಸ್ ಅನ್ನೂದೊಂದು ಅದ, ಫುಕಟ್. ಉಬುಂಟು, ಲಿನಕ್ಸ್ ಮಿಂಟ್ ಅಂತ ಹೆಸರು. ಕೇರಳದ ಸರ್ಕಾರಿ ಸಾಲಿಯೊಳಗ ಮಕ್ಕಳು ಕಲಿಯೂದು ಇದರ ಮ್ಯಾಲೇನ, ಅಂದ್ರ ತಿಳಿಲಾರದ ವಿದ್ಯಾ ಏನಲ್ಲ. ವಿಂಡೋಸ್ 10ಕ್ಕ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. ವಿಂಡೋಸ್ 11 ಬೇಕಂದ್ರ ಇಂಟೆಲಿನಾಗ ಸಾಧಾರಣ ಎಂಟನೇ ಪೀಳಿಗಿ ಅಥವಾ ಅದರ ಮುಂದಿಂದು ಬೇಕು. ಅದಕ್ಕ ಸೆಕೆಂಡ್‌ಹ್ಯಾಂಡ್ ತಗೋಳವರು ಮೊದಲ ಇದನ್ನ ನೋಡ್ರಿ. ಅದಕ್ಕೂ ಹಳೇದು ಮನ್ಯಾಗ ಬಿದ್ದಿದ್ರ ಗುಜರಿಗೆ ಹಾಕಬ್ಯಾಡ್ರಿ. ಮಿಂಟ್ ಹಾಕಿಸಿದ್ರ ಪತ್ರಾ, ಲೆಕ್ಕಾ, ಯೂಟ್ಯೂಬು ಎಲ್ಲಾ ನಡೀತದ. ಇನ್ನ "ಡಾಸ್ ಲ್ಯಾಪ್‌ಟಾಪ್, ನಾಕ ಸಾವಿರ ಕಮ್ಮಿ, ವಿಂಡೋಸ್ ನಾವ ಹಾಕಿಕೊಡ್ತೇವಿ" ಅಂದ್ರ ಲೈಸೆನ್ಸ್ ಎಲ್ಲಿ ಅಂತ ಕೇಳ್ರಿ. ಹಂಗ ಹಾಕಿಕೊಡೂದು ಬಹಳ ಮಾಡಿ ಕಳ್ಳ ಮಾಲು ಇರ್ತದ.

ಎಲ್ಲಾಕ್ಕಿಂತ ಹೊಟ್ಟಿ ಉರಿಯೋ ಸಂಗತಿ ಇನ್ನ ಹೇಳೇ ಇಲ್ಲ. ನಮ್ಮ ಓಣ್ಯಾಗನ ನೋಡೇನಿ. ಅಣ್ಣಗ ಎಂಬತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್, ತಂಗಿಗೆ ಅವನ ಹಳೇದು. ಆ ಹಳೇದಕ್ಕ ಬ್ಯಾಟರಿ ಸತ್ತಿರ್ತದ, ಕರೆಂಟ್ ಹೋದ್ರ ಅಕಿ ಬರದ ಅಸೈನ್‌ಮೆಂಟೂ ಹೋಗ್ತದ. ಕೇಳಿದ್ರ "ಅಕಿಗೆ ಇಷ್ಟ ಸಾಕು, ನಾಳೆ ಮದಿವ್ಯಾಗಿ ಹೋಗಾಕಿ". ಅಕಿ ಮಾರ್ಕ್ಸು ಮದಿವಿ ಆದ ಮ್ಯಾಲೆ ಅಳಸಿ ಹೋಗ್ತಾವೇನು? ಹಳೇದ ಕೊಡೂದಿದ್ರ ದುರಸ್ತಿ ಮಾಡಿಸಿ ಕೊಡ್ರಿ. ಹಾರ್ಡ್‌ಡಿಸ್ಕ್ ತೆಗಸಿ ಎಸ್‌ಎಸ್‌ಡಿ ಹಾಕಸ್ರಿ, ಹೊಸಾ ಬ್ಯಾಟರಿ ಹಾಕಸ್ರಿ, ಜಾಗಾ ಇದ್ರ ರ‍್ಯಾಮ್ ಹೆಚ್ಚಿಗಿ ಮಾಡಸ್ರಿ. ಕೆಲವು ಸಾವಿರದಾಗ ಆಗೋ ಕೆಲಸ. ಈ ಮಾತು ಗಂಡಸರು ತಾವಾಗಿ ಎತ್ತೂದಿಲ್ಲ, ನಾವ ಎತ್ತಬೇಕು.

ಮೌಶಿಗಳ್ಯಾ, ವೈನಿಗಳ್ಯಾ, ಇಂಗ್ಲಿಷ್ ಬರೂದಿಲ್ಲ ಅಂತ ಅಂಜಬ್ಯಾಡ್ರಿ. ಕಾಗದದ ಮ್ಯಾಲೆ ಬರಕೊಂಡು ಹೋಗ್ರಿ: ಯಾವ ವರ್ಷದ ಪ್ರೊಸೆಸರ್, ರ‍್ಯಾಮ್ ಎಷ್ಟು, ಮುಂದ ಹೆಚ್ಚಿಗಿ ಮಾಡಲಿಕ್ಕೆ ಬರ್ತದೋ ಇಲ್ಲೋ, ಎಸ್‌ಎಸ್‌ಡಿ ಎಷ್ಟು, ಸರ್ವಿಸ್ ಎಲ್ಲಿ, ವಾರಂಟಿ ಎಷ್ಟು, ವಿಂಡೋಸ್ ಲೈಸೆನ್ಸ್ ಅದನೋ ಇಲ್ಲೋ. ಏಳ ಪ್ರಶ್ನಿ. ಕಾಯಿಪಲ್ಯಾದವನ ಹಂತೇಕ ಇದಕ್ಕಿಂತ ಜಾಸ್ತಿ ಕೇಳ್ತೀವಿ ನಾವು. ಪಕ್ಕಾ ಬಿಲ್ ಇಸ್ಕೋರಿ, ಬಿಲ್ಲಿನ ಮ್ಯಾಲೆ ಮಾಡೆಲ್ ನಂಬರು, ಸೀರಿಯಲ್ ನಂಬರು ಇರಲಿ. ಮೋಸ ಆತು, ಅಂಗಡಿಯವ ಕಿವಿಗೆ ಹಾಕ್ಕೊಳವಲ್ಲ ಅಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ. ಈ ನಂಬರ್ ಕ್ಯಾಲೆಂಡರ್ ಮ್ಯಾಲೆ ಇವತ್ತ ಬರದಿಡ್ರಿ, ಹಾಲಿನ ಲೆಕ್ಕದ ಬಾಜೂಕ.